ಏಳು ದಿನ ಕೈ ಕಟ್ಟಿ ಕೂತ ಗೌಂಡಿ

ಇಷ್ಟಕ್ಕೆಲ್ಲ ಕಾರಣ ಶರಣಬಸವನ ಬಾಯಿ.

ಕೆಲಸ ಇದ್ದವರೆಷ್ಟು, ಇಲ್ಲದವರೆಷ್ಟು ಎಂದು ಸರಕಾರ ತಿಂಗಳು ತಿಂಗಳು ಸರ್ವೆ ಮಾಡಿಸುತ್ತದೆ. ನಾಶಿಕದ ಈ ಗಲ್ಲಿಯಲ್ಲಿ ಅದಕ್ಕೆ ಆರಿಸಿದ ಮನೆಗಳಲ್ಲಿ ಗಾರೆ ಕೆಲಸದ ಗೌಂಡಿ ರೇವಪ್ಪನದೂ ಒಂದು. ಶುಕ್ರವಾರ ಸಂಜೆ ಬಂದು ಅವತ್ತಿನವರೆಗಿನ ಏಳು ದಿನದ ವಿಚಾರ ಕೇಳುತ್ತೇವೆ ಎಂದು ಸರ್ವೆಯವರು ಹೇಳಿ ಹೋಗಿದ್ದರು. ಉಳಿದದ್ದನ್ನು ಪಕ್ಕದ ಮನೆಯ ಶರಣಬಸವ ಸೇರಿಸಿದ.

"ನಿರುದ್ಯೋಗಿ ಅಂತ ಬರಸ್ಕೊ ಮಾವ. ಆ ಯಾದಿ ಸೀದಾ ಸಂಭಾಜಿನಗರದ ಕಂಪನಿಗೆ ಹೋಗ್ತದ. ಪರ್ಮನೆಂಟ್ ನೌಕರಿ! ಆದ್ರ ವಾರದಾಗ ಒಂದು ತಾಸು ದುಡಿದಿ ಅಂದ್ರ ಕೆಲಸ ಐತಿ ಅಂತ ಬರೀತಾರ. ಮುಗೀತು ನಿನ್ನ ಕತಿ."

ಸೈಟು ನಿಂತು ಒಂದೂವರೆ ತಿಂಗಳಾಗಿತ್ತು. ರೇವಪ್ಪ ನಂಬಿದ. ಮಂಗಳವಾರ ನಿಫಾಡಿನಲ್ಲಿ ಹತ್ತು ದಿನದ ಗೋಡೆ ಕೆಲಸ ತಂದ ಗುತ್ತಿಗೆದಾರನನ್ನು ಬಾಗಿಲಿನಿಂದಲೇ ಓಡಿಸಿದ. ಕಾವು ಕೂತ ಕೋಳಿಯಂತೆ ಆರು ದಿನ ಮನೆ ಮುಂದಿನ ಕಟ್ಟೆ ಬಿಟ್ಟು ಏಳಲಿಲ್ಲ. ಇವತ್ತು ಶುಕ್ರವಾರ; ಇದೊಂದು ದಿನ ದಾಟಿದರೆ ಗೆದ್ದ.

ಬೆಳಿಗ್ಗೆ ಎದುರುಮನೆಯ ಮಾಳವ್ವ ಕೂಗಿದಳು. "ಯಣ್ಣಾ, ಈ ಉಳ್ಳಾಗಡ್ಡಿ ಚೀಲಕ್ಕ ಒಂದಿಷ್ಟು ಕೈ ಹಚ್ಚೊ."

"ಸಂಜೀಕ ಹಚ್ಚತೀನಿ."

"ಸಂಜೀತನಾ ಚೀಲ ತೆಕ್ಕಿಬಡಿದು ನಿಂದರ್ಲೇನು? ಕೈಗೇನು ಮೆಹಂದಿ ಹಚ್ಕೊಂಡೀಯೋ?"

ಗಲ್ಲಿಯೆಲ್ಲ ನಕ್ಕಿತು. ರೇವಪ್ಪ ಕೈಗಳನ್ನು ಕಂಕುಳಿಗೆ ತುರುಕಿಕೊಂಡ.

ಅಷ್ಟರಲ್ಲಿ ಮೂಲೆಯ ಹೋಟೆಲಿನ ಭುಜಂಗ ಶೆಟ್ಟರು ಏದುಸಿರು ಬಿಡುತ್ತ ಬಂದರು. "ರೇವಪ್ಪ, ಅಡುಗೆಮನೆ ಟೈಲ್ಸ್ ಎಲ್ಲ ಎದ್ದು ಬಂದಿದೆ ಮಾರಾಯ. ಇವತ್ತೇ ಕೂರಿಸಿ ಕೊಡು. ಕೆಲಸ ಚಂದ ಆದ್ರೆ ಸಂಭಾಜಿನಗರದಲ್ಲಿ ನಮ್ಮ ಹೊಸ ಹೋಟೆಲ್ ಉಂಟು, ನಾಲ್ಕು ತಿಂಗಳ ಕೆಲಸ. ಅದೂ ನಿಂಗೇ."

ರೇವಪ್ಪನ ಕಾಲು ತಾನಾಗಿ ಚಪ್ಪಲಿ ಹುಡುಕಿತು. ಆದರೂ ಹೇಳಿದ: "ಇವತ್ತು ಆಗೂದಿಲ್ರಿ ಶೆಟ್ರ. ಇವತ್ತು ನಾ ನಿರುದ್ಯೋಗಿ ಅದೀನಿ. ನಾಳೆ ಬರ್ರಿ."

"ಎಂಥ ಅವಸ್ಥೆ ಮಾರಾಯ! ನಿರುದ್ಯೋಗಿ ಆಗಿಯೂ ನಿಂಗೆ ಪುರುಸೊತ್ತಿಲ್ವಾ?"

ಒಳಗೆ ಹೆಂಡತಿ ಸುಮಂಗಲಾ ಪಾತ್ರೆ ಕುಕ್ಕಿದ ಸದ್ದು ಕೇಳಿತು. ಆಮೇಲೆ ಹಿತ್ತಿಲ ಬಾಗಿಲು ಕಿರ್ರೆಂದಿತು.

ಮಧ್ಯಾಹ್ನ ಶರಣಬಸವ ತನ್ನ ಬಚ್ಚಲ ಗೋಡೆಗೆ ತಾನೇ ಸಿಮೆಂಟಿನ ಗಿಲಾಯಿ ಮಾಡತೊಡಗಿದ. ಮೆತ್ತಿದ್ದು ಅರ್ಧ, ಬಿದ್ದದ್ದು ಅರ್ಧ. ರೇವಪ್ಪನಿಗೆ ಮೈಯೆಲ್ಲ ಉರಿಯಿತು.

"ಲೇ, ಅದು ಗಾರಿಯೋ ಉಪ್ಪಿಟ್ಟೋ? ಸಿಮೆಂಟು ನಿಮ್ಮಪ್ಪ ಹಾಕ್ತಾನೇನು?"

"ಅಷ್ಟು ಗೊತ್ತಿದ್ರ ಬಂದು ತೋರ್ಸು ಮಾವ!"

ರೇವಪ್ಪ ಅರ್ಧ ಎದ್ದ. ಕಂಪನಿಯ ಗೇಟು ಕಣ್ಣೆದುರು ಬಂತು. ಎರಡೂ ಕೈಗಳ ಮೇಲೆ ಕೂತುಬಿಟ್ಟ.

ಐದು ಗಂಟೆಗೆ ಸರ್ವೆಯ ಹರ್ಷಿಣಿ ಬಂದಳು. ಸಂಭಾಜಿನಗರದಲ್ಲಿ ಬೆಳೆದ ಕನ್ನಡದವರ ಹುಡುಗಿ.

"ಅರೇ ಕಾಕಾ, ಕೈಗೆ ಏನಾಯ್ತು?"

"ಏನೂ ಆಗಿಲ್ರಿ ಮೇಡಂ. ಏಳು ದಿನ ಒಂದು ನಿಮಿಷ ದುಡಿದಿಲ್ಲ. ಗಲ್ಲೀನ ಸಾಕ್ಷಿ. ಬರ್ಕೊಳ್ರಿ."

ಅವಳು ಟ್ಯಾಬಿನ ಮೇಲೆ ಬೆರಳಾಡಿಸಿದಳು. "ಕೆಲಸ ಹುಡುಕಿದ್ರಾ?"

"ಹುಡುಕೂದಾ? ಮನಿಮಟ ಬಂದದ್ದನ್ನ ಓಡಿಸೀನಿ! ಎರಡು ಸಲ!"

"ಈ ವಾರ ಕೆಲಸ ಕೊಟ್ರೆ ಮಾಡ್ತಿದ್ರಾ?"

"ಸುತಾರಾಂ ಇಲ್ಲ!" ರೇವಪ್ಪ ಎದೆಯುಬ್ಬಿಸಿದ.

"ನಾಹಿ ಕಾಕಾ, ಹಾಗಾದ್ರೆ ನೀವು ನಿರುದ್ಯೋಗಿ ಅಲ್ಲ. ಕೆಲಸ ಬೇಕು ಅಂದ್ರೂ ಸಿಗದವರು ನಿರುದ್ಯೋಗಿ. ಬೇಡ ಅಂದವರು ಅದರಲ್ಲಿ ಬರಲ್ಲ."

"ಮತ್ತ ನಾ ಯಾವುದರಾಗ ಬರ್ತೀನಿ?"

"ಶಾಲೆ ಮಕ್ಕಳು, ಹಾಸಿಗೆ ಹಿಡಿದ ಮುದುಕರು ಇರ್ತಾರಲ್ಲ, ಅವರ ಜೊತೆ."

ಮಾಳವ್ವ ನಕ್ಕು ನಕ್ಕು ಚೀಲದ ಮೇಲೆ ಕುಸಿದಳು.

"ಮತ್ತ... ಕಂಪನಿ?"

"ಯಾವ ಕಂಪನಿ? ನಾವು ಯಾರ ಹೆಸರೂ ಯಾರಿಗೂ ಕೊಡಲ್ಲ ಕಾಕಾ."

ರೇವಪ್ಪ ನಿಧಾನವಾಗಿ ತಿರುಗಿ ನೋಡಿದ. ಶರಣಬಸವ ಹಸಿ ಗೋಡೆಯ ಬಚ್ಚಲು ಹೊಕ್ಕು ಅಗಳಿ ಹಾಕಿಕೊಂಡಾಗಿತ್ತು.

ಹಾಳಾಗಲಿ, ಶೆಟ್ಟರ ಟೈಲ್ಸಾದರೂ ಇದೆಯಲ್ಲ! ರೇವಪ್ಪ ಒಳಗೆ ನುಗ್ಗಿ ತನ್ನ ಗೌಂಡಿ ಸಾಮಾನಿನ ಚೀಲ ಹುಡುಕಿದ. ಚೀಲ ಇರಲಿಲ್ಲ. ಹೊರಗೆ ಬಂದರೆ ಅದು ಸುಮಂಗಲಾಳ ಹೆಗಲ ಮೇಲಿತ್ತು. ಸೀರೆಯೆಲ್ಲ ಸಿಮೆಂಟು. ಹಿಂದೆ ಶೆಟ್ಟರು.

"ಮೇಡಂ, ನಂದೂ ಬರ್ಕೊಳ್ರಿ," ಎಂದಳು ಅವಳು. "ಸುಮಂಗಲಾ. ಕೆಲಸ ಗೌಂಡಿದು."

"ಗೆರೆ ಹೊಡೆದ ಹಾಗೆ ಕೂರಿಸಿದ್ದಾಳೆ ಮಾರಾಯ," ಎಂದರು ಶೆಟ್ಟರು. "ಸಂಭಾಜಿನಗರದ್ದೂ ಇವಳಿಗೇ."

ಹನ್ನೆರಡು ವರ್ಷ ರೇವಪ್ಪನಿಗೆ ಗಾರೆಬುಟ್ಟಿ ಹೊತ್ತುಕೊಟ್ಟವಳು. ಹೊರುವಾಗ ಕಣ್ಣು ಮುಚ್ಚಿಕೊಂಡಿರಲಿಲ್ಲವಲ್ಲ!

"ಮತ್ತ ನನ್ನ ಗತಿ?" ಎಂದ ರೇವಪ್ಪ.

"ನನಗೊಬ್ಬ ಕೈಯಾಳು ಬೇಕು. ಗಾರಿ ಕಲಸಾಕ ಬರ್ತದೇನ್ರಿ ನಿಮಗ?"

"ಬರ್ತದ. ಪಗಾರ?"

"ಹನ್ನೆರಡು ವರ್ಷ ನೀವು ನನಗ ಎಷ್ಟು ಕೊಟ್ಟೀರಿ, ಅಷ್ಟ."

ರೇವಪ್ಪನಿಗೆ ಲೆಕ್ಕಕ್ಕೆ ಬೆರಳು ಮಡಿಸುವ ಅಗತ್ಯವೇ ಬೀಳಲಿಲ್ಲ. ಗಾರೆಬುಟ್ಟಿ ತೊಳೆಯಲು ಹೋದ.