ಗೊಂಬೆಗಳಿಗೊಂದು ಬಾಡಿಗೆ ಮನೆ

ನವರಾತ್ರಿ ಬೇರೆಯವರಿಗೆ ಹಬ್ಬವಿರಬಹುದು. ಒಂಟಿಕೊಪ್ಪಲಿನಲ್ಲಿ ಗೊಂಬೆ ಕೂರಿಸುವ ಹೆಂಗಸನ್ನು ಕಟ್ಟಿಕೊಂಡ ಗಂಡಸಿಗೆ ಅದು ವನವಾಸ. ಸಂಜೆಯಾಯಿತೆಂದರೆ ನಮ್ಮ ಹಾಲಿಗೆ ಹೆಂಗಸರ ದಂಡು ಬರುತ್ತದೆ. ನನ್ನ ಬೆತ್ತದ ಕುರ್ಚಿ ಹಿತ್ತಲಿಗೆ ಹೋಗುತ್ತದೆ, ಅದರ ಹಿಂದೆಯೇ ನಾನೂ ಹೋಗುತ್ತೇನೆ. ಮೇಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಇಡೀ ದಿನ ನಟ್ಟು ಬೋಲ್ಟುಗಳ ಮೇಲೆ ಸಾಮ್ರಾಜ್ಯಭಾರ ಮಾಡಿ ಬರುವ ಕೃಷ್ಣಸ್ವಾಮಿಯಾದ ನಾನು ಒಗೆಯುವ ಕಲ್ಲಿನ ಪಕ್ಕ ಕೂತು ಸೊಳ್ಳೆ ಹೊಡೆಯುತ್ತಾ, ಒಂದು ಲೋಟ ಕಾಫಿಗಾಗಿ ಅಡುಗೆಮನೆಯ ಕಿಟಕಿಗೆ ಕೈ ಒಡ್ಡಬೇಕು. (ಅದೂ ನೀರು ಡಿಕಾಕ್ಷನ್ನು. ಗಟ್ಟಿಯಾದದ್ದು ಅತಿಥಿಗಳಿಗೆ.)

ಎರಡು ಸಾವಿರದ ಆರನೇ ಇಸವಿಯಲ್ಲಿ ಮನೆಗೆ ಬ್ರಾಡ್‌ಬ್ಯಾಂಡು ಬಂತು, ಕೈಗೆ ಡಿಜಿಟಲ್ ಕ್ಯಾಮೆರಾ ಬಂತು. ಹಿಂದೆಯೇ ತಲೆಗೊಂದು ಯೋಚನೆ ಬಂತು. ಗೊಂಬೆಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿಬಿಟ್ಟರೆ? ನೋಡುವವರು ಅವರವರ ಮನೆಯಲ್ಲೇ ನೋಡಿಕೊಳ್ಳಲಿ. ನಾನು ನನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತೇನೆ!

ಆ ವರ್ಷ ನನ್ನ ಹೆಂಡತಿ ಅಂಬುಜಾ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ನಮ್ಮ ಬೀದಿಯನ್ನೇ ಕೂರಿಸಿದ್ದಳು. ಬೀದಿ ಕೊಳಾಯಿ, ಬಿಂದಿಗೆಗಳ ಸಾಲು, ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತ ಬೆರಳುದ್ದದ ಹೆಂಗಸರು. ಒಬ್ಬೊಬ್ಬರೂ ನಮ್ಮ ಬೀದಿಯವರೇ. ದರ್ಜಿಯನ್ನು ಕಾಡಿ ಅವರವರ ರವಿಕೆಯ ಚೂರನ್ನೇ ಸಂಪಾದಿಸಿ ಉಡಿಸಿದ್ದಳು. ಆಷಾಢದಿಂದ ಮಧ್ಯಾಹ್ನದ ನಿದ್ದೆ ಬಿಟ್ಟು ಮಾಡಿದ ಕೆಲಸ.

"ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಆಯ್ತಾ?" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಎದುರುಮನೆ ಚಾಮುಂಡಮ್ಮ ಬರ್ಬೇಕು, ಬಗ್ಗಿ ನೋಡ್ಬೇಕು, 'ಅಯ್ಯೋ, ಇದು ನಾನೇ ಕಣ್ರೀ' ಅನ್ಬೇಕು. ಆ ಒಂದು ಮಾತು ಕೇಳೋದಕ್ಕೇ ರೀ ನಾನು ಕಣ್ಣು ಕಳ್ಕೊಂಡಿರೋದು."

ನಾನು ಹೂಂಗುಟ್ಟಿದೆ. ನನ್ನ ತಲೆಯೆಲ್ಲ ಸೈಟು ಹುಡುಕುವುದರಲ್ಲಿತ್ತು. (ವಿಜಯನಗರದಲ್ಲಿ ಸಿಗುವ ಸೈಟಲ್ಲ, ಅದಾಗಿದ್ದರೆ ಅಂಬುಜಾ ಸಂತೋಷಪಡುತ್ತಿದ್ದಳು.) ಫೋಟೋ ಇಡುವ ಜಾಗ ಹುಡುಕುವುದೆಂದರೆ ಬಾಡಿಗೆ ಮನೆ ಹುಡುಕಿದ ಹಾಗೆಯೇ ಸ್ವಾಮಿ. ಒಂದು ಕಡೆ ಅಡ್ವಾನ್ಸೇ ಬೇಡ ಅಂದರು, ಆದರೆ ಸ್ವಲ್ಪ ದಿನ ಆ ಕಡೆ ತಲೆಹಾಕದಿದ್ದರೆ ಸಾಮಾನೆಲ್ಲ ಬೀದಿಗೆ. ಇನ್ನೊಂದರಲ್ಲಿ ಜಾಗ ವಿಶಾಲ, ಆದರೆ ಮಾಲೀಕ ನಮ್ಮ ಹಾಲಿನಲ್ಲೇ ಬನಿಯನ್ ಜಾಹೀರಾತು ನೇತುಹಾಕುತ್ತಾನೆ; ಪಟ್ಟದ ರಾಣಿಯ ಪಕ್ಕದಲ್ಲಿ ಬನಿಯನ್ನೇ? ಮತ್ತೊಂದರಲ್ಲಿ ನೋಡಲು ಬಂದವರೆಲ್ಲ ಗೇಟಿನಲ್ಲೇ ಹೆಸರು, ಹುಟ್ಟಿದ ತಾರೀಖು ಬರೆಸಿ ಒಳಗೆ ಬರಬೇಕು. ಚಾಮುಂಡಮ್ಮನ ಹುಟ್ಟಿದ ತಾರೀಖು ಕೇಳುವ ಧೈರ್ಯ ಮೈಸೂರಿನಲ್ಲಿ ಯಾರಿಗಿದೆ?

"ನಮ್ಮ ಮದ್ವೆಗೆ ಮುಂಚೆ ನೀವು ನನ್ನ ವಿಷಯದಲ್ಲಿ ಇಷ್ಟು ವಿಚಾರಿಸಿದ್ರಾ?" ಎಂದು ಅಂಬುಜಾ ಕೇಳಿದಳು.

"ವಿಚಾರಿಸಿದ್ರೆ ಹೀಗಾಗ್ತಿತ್ತಾ?" ಎಂದೆ. (ಮನಸ್ಸಿನಲ್ಲಿ.)

ಕೊನೆಗೂ ಬಾಗಿಲು ತೆಗೆದೇ ಇರುವ, ಹೇಳದೆ ಕೇಳದೆ ಯಾರು ಬೇಕಾದರೂ ಬಂದು ನೋಡಬಹುದಾದ ಸೈಟೊಂದು ಸಿಕ್ಕಿತು. ಗೊಂಬೆ ಕೂರಿಸಿದ ದಿನವೇ ಬಗ್ಗಿ, ಮಲಗಿ, ಹೊರಳಿ ಫೋಟೋ ತೆಗೆದೆ. ಪ್ರತಿಯೊಂದರ ಕೆಳಗೂ ಇಂಗ್ಲಿಷ್ ಅಕ್ಷರದಲ್ಲಿ ನನ್ನದೇ ಕನ್ನಡ ಸಾಹಿತ್ಯ ಬರೆದೆ. ಬೀದಿಯ ಗಂಡಂದಿರಿಗೆಲ್ಲ ಈಮೇಲ್ ಕಳಿಸಿದೆ: 'ನಮ್ಮ ಗೊಂಬೆಗಳನ್ನು ಇಲ್ಲಿ ನೋಡಬಹುದು. ತಮ್ಮ ಮನೆಯವರು ನಮ್ಮಲ್ಲಿಯವರೆಗೆ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.' ಎಂಥ ಸೌಜನ್ಯ ನೋಡಿ!

ಮೊದಲ ಸಂಜೆ ಯಾರೂ ಬರಲಿಲ್ಲ. ನಾನು ಹಾಲಿನಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದಿದೆ. ಪರಮಾನಂದ! ಎರಡನೆಯ ಸಂಜೆ 'ಗೊಂಬೆ ಕೂರ್ಸಿದೀರಾ?' ಎಂದು ಮಕ್ಕಳು ಬಂದವು. ಚಕ್ಕುಲಿ ಕೈಗೆ ಬೀಳುತ್ತಲೇ ಓಡಿದವು. ಗೊಂಬೆಗಳ ಕಡೆ ತಿರುಗಿ ಕೂಡ ನೋಡಲಿಲ್ಲ. ಅಂಬುಜಾ ರೇಷ್ಮೆ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಮುಂದಿಟ್ಟುಕೊಂಡು, ಗೇಟು ಸದ್ದಾದಾಗಲೆಲ್ಲ ಎದ್ದು ಎದ್ದು ನೋಡುತ್ತಿದ್ದಳು. ಮೂರನೆಯ ಸಂಜೆ ಏಳಲಿಲ್ಲ. ಹಳೇ ಸೀರೆಯಲ್ಲೇ ಕೂತಿದ್ದಳು.

"ನನ್ನಿಂದ ಏನಾದ್ರೂ ತಪ್ಪಾಯ್ತೇನ್ರೀ?" ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ನನಗೆ ಪೇಪರಿನ ಒಂದಕ್ಷರವೂ ಕಾಣಲಿಲ್ಲ.

ಗುಟ್ಟು ಒಡೆದದ್ದು ಕಾಲೇಜಿಗೆ ಹೋಗುವ ನಮ್ಮ ಮಗಳು ಶುಭಾ. "ಅಮ್ಮಾ, ಅಪ್ಪ ಎಲ್ರಿಗೂ ಬರ್ಬೇಡಿ ಅಂತ ಮೇಲ್ ಮಾಡಿದಾನೆ. ಬೀದೀಲೆಲ್ಲ ಅದೇ ಮಾತು."

"ಬರ್ಬೇಡಿ ಅಂತ ಎಲ್ಲಿ ಬರ್ದೆ? ಶ್ರಮ ಬೇಡ ಅಂದೆ ಅಷ್ಟೇ!"

ಅಂಬುಜಾ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕುಂಕುಮದ ಬಟ್ಟಲನ್ನು ತಂದು ನನ್ನ ಕೈಗಿಟ್ಟಳು. "ಹೋಗಿ, ಕರ್ಕೊಂಡ್ಬನ್ನಿ" ಎಂದಳು.

ಕುಂಕುಮ ಹಿಡಿದು ಮನೆಮನೆಗೆ ಹೋಗಿ ಕರೆಯುವುದು ಹೆಂಗಸರ ಕೆಲಸ. ಪ್ಯಾಂಟು ಹಾಕಿದ ಗಂಡಸೊಬ್ಬ ಅದನ್ನು ಮಾಡಿದ್ದನ್ನು ಒಂಟಿಕೊಪ್ಪಲು ಕಂಡಿರಲಿಲ್ಲ. ಚಾಮುಂಡಮ್ಮ ಬಾಗಿಲಲ್ಲೇ ತಡೆದರು.

"ಏನ್ ಸ್ವಾಮಿ, ಬರ್ಬೇಡಿ ಅಂದೋರು ನೀವೇ ಬಂದ್ಬುಟ್ರಲ್ಲ?"

"ತಪ್ಪು ತಿಳ್ಕೋಬೇಡಿ. ಮನೇಲೇ ಆರಾಮಾಗಿ ನೋಡ್ಲಿ ಅಂತ..."

"ನಾವೇನು ಬೊಂಬೆ ನೋಡ್ದೇ ಇರೋರಾ? ನಮ್ಮನೆಯವ್ರು ಕಂಪ್ಯೂಟರ್ ತೆಗೆದು ಬಾ ಅಂತ ಕರೆದ್ರು. ನಾನು ಆ ಕಡೆ ಕಣ್ಣೂ ಹಾಯಿಸ್ಲಿಲ್ಲ. ಕರೀದೇ ಇರೋ ಮನೆಗೆ ನಾನು ಕಂಪ್ಯೂಟರ್‌ನಲ್ಲೂ ಹೋಗಲ್ಲ!"

"ಅಂಬುಜಾ ಮೂರು ದಿನದಿಂದ ನಿಮ್ಮ ದಾರಿ ಕಾಯ್ತಿದಾಳೆ" ಎಂದೆ. "ನನ್ನ ಬುದ್ಧಿಗೇಡಿತನಕ್ಕೆ ಅವಳಿಗೆ ಶಿಕ್ಷೆ ಕೊಡ್ಬೇಡಿ."

ಚಾಮುಂಡಮ್ಮ ನನ್ನ ಮುಖ ನೋಡಿದರು, ನಾನು ಓರೆಯಾಗಿ ಹಿಡಿದಿದ್ದ ಬಟ್ಟಲು ನೋಡಿದರು. "ಅಯ್ಯೋ ಬುಡಿ, ಕುಂಕುಮ ಚೆಲ್ಬುಟ್ಟೀರಾ" ಎಂದು ತಾವೇ ತೆಗೆದು ಹಣೆಗೆ ಇಟ್ಟುಕೊಂಡರು.

ಮಾರನೆಯ ಸಂಜೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಾಮುಂಡಮ್ಮ ಪಟ್ಟದ ಗೊಂಬೆಗೆ ಕೈಮುಗಿದು, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಕೊಳಾಯಿಯ ಮುಂದೆ ಬಂದು ನಿಂತರು. ಬಗ್ಗಿದರು. ಅಂಬುಜಾ ಉಸಿರು ಬಿಗಿಹಿಡಿದಳು. ಬಾಗಿಲ ಸಂದಿಯಲ್ಲಿ ನಾನೂ.

"ಅಯ್ಯೋ ಶಿವನೇ! ಇದು ನಾನೇ ಕಣಮ್ಮ! ನನ್ನ ಗಿಣಿಹಸಿರು ರವಿಕೆ! ಬಿಂದಿಗೆ ಹಿಡ್ಕೊಂಡು ನಿಂತಿರೋ ಗತ್ತು ನೋಡು!"

ಅಂಬುಜಾಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಏನೋ ಬಿದ್ದಿತ್ತು. ಆಮೇಲೆ ಹೆಂಗಸರೆಲ್ಲ ಮುಗಿಬಿದ್ದು ತಮ್ಮ ತಮ್ಮ ಗೊಂಬೆಯನ್ನು ಹುಡುಕಿಕೊಂಡರು.

"ಅದ್ಸರಿ, ಜಗಲಿ ಮೇಲೆ ಎಲ್ರಿಗೂ ಬೆನ್ನು ಹಾಕಿ ಪೇಪರ್ ಓದ್ತಾ ಕೂತಿದಾನಲ್ಲ, ಬಕ್ಕತಲೆ, ಇವ್ನು ಯಾರು?" ಎಂದರು ಚಾಮುಂಡಮ್ಮ.

ಅಂಬುಜಾ ಬಾಗಿಲ ಸಂದಿಯ ಕಡೆಗೆ ನೋಡಿದಳು. ಅವಳ ಹಿಂದೆಯೇ ಒಂಟಿಕೊಪ್ಪಲಿನ ಸಮಸ್ತ ಮಹಿಳೆಯರೂ ನೋಡಿದರು. ನನ್ನ ಕೈ ತಾನಾಗಿ ತಲೆ ಸವರಿಕೊಂಡಿತು.

"ನಾನಾ?" ಎಂದೆ. "ಛೆ, ಹೋಲಿಕೆಯೇ ಇಲ್ಲ!"

"ಇಲ್ದೆ ಏನಪ್ಪಾ?" ಎಂದಳು ಶುಭಾ. ಮೂಲೆಯಲ್ಲಿದ್ದ ಕಂಪ್ಯೂಟರಿನಲ್ಲಿ ಆಗಲೇ ಫೋಟೋ ತೆರೆದಿದ್ದಳು. "ಇದ್ರ ಕೆಳಗೆ ನೀನೇ ಬರ್ದಿದೀಯ ನೋಡು. 'ಯಾವುದೋ ಸೋಮಾರಿ. ಇವನ ಹೆಂಡತಿಯ ಪಾಡು ದೇವರೇ ಬಲ್ಲ.'"

ಮೊದಲು ನಕ್ಕವಳು ಅಂಬುಜಾ. ನಕ್ಕೂ ನಕ್ಕೂ ಚಾಮುಂಡಮ್ಮನ ಹೆಗಲಿಗೆ ಒರಗಿದಳು. ನಾಲ್ಕು ದಿನದ ಮೇಲೆ ಆ ನಗು ಕೇಳಿದ್ದಕ್ಕೋ ಏನೋ, ನನಗೆ ಕೋಪ ಬರಲೇ ಇಲ್ಲ.

"ಎಲ್ರಿಗೂ ಕಾಫಿ ಆಗ್ಬೇಕಲ್ಲ ರೀ" ಎಂದಳು ಕಣ್ಣೊರೆಸಿಕೊಳ್ಳುತ್ತಾ.

ನಾನು ತೆಪ್ಪಗೆ ಅಡುಗೆಮನೆಗೆ ಹೋಗಿ ಹಾಲು ಕಾಯಲಿಟ್ಟೆ.