ಉರುಳುದಿಂಬಿನ ಉಪಯೋಗ

ನನಗೊಂದು ದೌರ್ಬಲ್ಯವಿದೆ. ಯಾವ ಕೆಲಸಕ್ಕಾದರೂ ವೇಳಾಪಟ್ಟಿ ಹಾಕಿಬಿಟ್ಟರೆ ಅದು ಆಗಿಯೇ ಹೋಯಿತೆಂದು ನಂಬಿಬಿಡುತ್ತೇನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತಳಾದವಳು ನಾನು. ಸೀಟಿ ಊದಿದೊಡನೆ ಸಾಲು ನೆಟ್ಟಗಾಗುವುದನ್ನೇ ಕಂಡು ಬಾಳಿದವಳಿಗೆ, ಸೀಟಿಗೆ ಕಿವಿಗೊಡದ ವಸ್ತುಗಳೂ ಲೋಕದಲ್ಲಿವೆ ಎಂಬುದು ತಡವಾಗಿ ತಿಳಿಯುತ್ತದೆ. ಅವುಗಳಲ್ಲಿ ಒಂದು, ಗಂಡನ ಮಂಡಿ.

ನಾನೂ ನಮ್ಮ ಮನೆಯವರೂ ತಿರುವಾನ್ಮಿಯೂರಿನ ಕಡಲ ದಂಡೆಯ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಒಟ್ಟಿಗೆ ಓಡುತ್ತಿದ್ದೆವು. ಒಟ್ಟಿಗೆ ಎಂದರೆ ನಾನು ಮುಂದೆ, ಅವರು ಹಿಂದೆ. ಓಡುವಾಗ ಮಾತಾಡಬೇಡಿ, ಉಸಿರು ಕೆಡುತ್ತದೆ ಎಂದರೆ ಕೇಳುವವರಲ್ಲ. ಯಾವ ಮನೆಗೆ ಹೊಸ ಬಣ್ಣ ಬಂದಿದೆ, ಯಾವ ನಾಯಿ ಮರಿ ಹಾಕಿದೆ, ಎಲ್ಲ ಸುದ್ದಿಯೂ ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಮಂಡಿ ಕೈಕೊಟ್ಟು ಅವರು ಓಟ ನಿಲ್ಲಿಸಿದ ಮೇಲೆ ಹಿಂದಿನಿಂದ ಅಲೆಯ ಸದ್ದು ಮಾತ್ರ. ಸಮುದ್ರ ಅಷ್ಟೊಂದು ಗದ್ದಲ ಮಾಡುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆಗ ನಮ್ಮ ಓಟದ ಗುಂಪಿನವರು ಫೋಮ್ ರೋಲರಿನ ಮಹಿಮೆ ಹೇಳಿದರು. ಓಡಿದ ಮೇಲೆ ಅದರ ಮೇಲೆ ಕಾಲು ಉರುಳಿಸಿದರೆ ನೋವು ಮಾಯ, ಮರುದಿನ ಜಿಂಕೆ. ಕೊಂಡು ತಂದೆ. ಮೈತುಂಬ ಗಂಟೆದ್ದ ದಿಂಬಿನಂತಿತ್ತು. ನಮ್ಮ ಮನೆಯವರು ಒತ್ತಿ ನೋಡಿ, "ಏನೇ ಇದು, ತಲೆಗಿಟ್ಟುಕೊಂಡರೆ ನಿದ್ದೆ ಬರಲ್ಲ, ಕಾಲಿಗಿಟ್ಟುಕೊಂಡರೆ ಪ್ರಾಣ ಹೋಗುತ್ತೆ," ಎಂದು ಅದಕ್ಕೆ ಉರುಳುದಿಂಬು ಎಂದು ನಾಮಕರಣ ಮಾಡಿದರು.

ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ, "ಅಮ್ಮಾ, ನಾನೂ ಓದಿ ನೋಡಿದೆ. ನೋವು ಸ್ವಲ್ಪ ಕಮ್ಮಿ ಆಗುತ್ತಂತೆ, ಕಾಲು ಒಂದಿಷ್ಟು ಹೊತ್ತು ಸಡಿಲ ಅನ್ನಿಸುತ್ತಂತೆ. ಸ್ಪೀಡು ಗೀಡು ಎಲ್ಲಾ ಪೆರಿಸಾ ಒಣ್ಣುಂ ಇಲ್ಲೆ, ಅಂಥಾದ್ದೇನೂ ಹೆಚ್ಚಲ್ಲ," ಎಂದಳು. ಫಿಸಿಯೋಥೆರಪಿ ಮಾಡುವಾತನನ್ನು ಕೇಳಿದೆ. "ಉಪ್ಪಿನಕಾಯಿ ಥರ ಮೇಡಂ, ಇದ್ದರೆ ಒಳ್ಳೆಯದು. ಅದೇ ಊಟ ಅಂದುಕೋಬೇಡಿ. ಸವೆದ ಮಂಡಿ ಅದರಿಂದ ಬೆಳೆಯಲ್ಲ," ಎಂದ. ಇಬ್ಬರ ಮಾತನ್ನೂ ಕೇಳಿಸಿಕೊಂಡು ಮನೆಗೆ ಬಂದು ನಮ್ಮ ಮನೆಯವರಿಗೆ ವೇಳಾಪಟ್ಟಿ ಹಾಕಿದೆ: ದಿನಾ ಬೆಳಿಗ್ಗೆ ರೋಲರ್, ಮಂಡಿ ಸರಿಹೋದೊಡನೆ ಮತ್ತೆ ಓಟ.

ಆಶ್ಚರ್ಯವೆಂದರೆ ಅವರು ಗೊಣಗದೆ ಒಪ್ಪಿಕೊಂಡರು. "ನೀನು ಓಡಿ ಬಾ, ಅಷ್ಟರಲ್ಲಿ ನಾನು ಉರುಳಿರುತ್ತೇನೆ," ಎನ್ನುವರು. ನಾನು ಹಿಂದಿರುಗುವಾಗ ರೋಲರ್ ದಿನವೂ ಒದ್ದೆಯಾಗಿರುತ್ತಿತ್ತು. ಎಷ್ಟು ಬೆವರು ಸುರಿಸಿದ್ದಾರೆ ಎಂದು ಹಿಗ್ಗಿದೆ. ಹಿಗ್ಗಿ ಅವರಿಗೊಂದು ಜೊತೆ ಹೊಸ ಓಟದ ಶೂ ತಂದಿಟ್ಟೆ.

ಒಂದು ದಿನ ನನ್ನ ಶೂವಿನ ಅಡಿ ಕಿತ್ತುಬಂದು ಅರ್ಧಕ್ಕೇ ಮನೆಗೆ ಬಂದೆ. ದೇವರ ಮನೆಯ ಮುಂದೆ, ಸ್ನಾನ ಮುಗಿಸಿ ಮಡಿ ಪಂಚೆಯುಟ್ಟು ನಮ್ಮವರು ಬೋರಲು ಮಲಗಿದ್ದರು. ತೊಡೆಯ ಕೆಳಗೆ ರೋಲರ್. ಕೈ ಎರಡೂ ತಲೆಯಾಚೆ ಚಾಚಿ ಜೋಡಿಸಿದ್ದರು. ರೋಲರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದು ಬೆವರಲ್ಲ. ದೇವರೆದುರು ತರುವ ಮುನ್ನ ಅದಕ್ಕೂ ಸ್ನಾನ ಮಾಡಿಸಿ ಮಡಿ ಮಾಡುತ್ತಿದ್ದರು.

ಕಾಫಿಗೆ ಮುಂಚೆ ಸಾಷ್ಟಾಂಗ ನಮಸ್ಕಾರ ಅವರ ತಂದೆಯ ಕಾಲದ ಕ್ರಮ. ಮಂಡಿ ನೆಲ ಮುಟ್ಟಲಾಗದೆ ಅದನ್ನೂ ಬಿಟ್ಟು, ನಿಂತೇ ಕೈಮುಗಿಯುತ್ತಿದ್ದರೆಂಬುದು ನನಗೆ ಹೊಳೆದದ್ದೇ ಆಗ. ಓಟ ನಿಂತದ್ದಷ್ಟೇ ನನ್ನ ಕಣ್ಣಿಗೆ ಬಿದ್ದಿತ್ತು.

"ಏನ್ರೀ ಇದು?"

"ಬಂದೆಯಾ? ಒಳ್ಳೇದಾಯ್ತು, ಎಬ್ಬಿಸು. ಇದು ಮಂಡಿಯನ್ನ ನೆಲಕ್ಕೆ ತಾಗಿಸದೆ ಮಲಗಿಸುತ್ತೆ. ಏಳಿಸೋದು ಮಾತ್ರ ಇದಕ್ಕೆ ಗೊತ್ತಿಲ್ಲ. ದಿನಾ ಮಂಚದ ತನಕ ತೆವಳಬೇಕು."

"ಹಾಗಾದರೆ ಓಟ?"

"ಓಟ ಮುಗೀತಲ್ಲೇ, ಟೀಚರಮ್ಮ. ಮಂಡಿ ನೋಡಿದ ಡಾಕ್ಟರು ಅವತ್ತೇ ಹೇಳಿದ್ದರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ನೀನು ಶೂ ತಂದುಬಿಟ್ಟೆ."

ಬಿದ್ದವರನ್ನು ಎಬ್ಬಿಸುವ ಕ್ರಮವನ್ನು ಎಷ್ಟೋ ಹುಡುಗಿಯರಿಗೆ ಕಲಿಸಿದ್ದೇನೆ. ಅವತ್ತು ಆ ಕ್ರಮ ಒಂದೂ ನೆನಪಾಗಲಿಲ್ಲ. ಕಂಕುಳಿಗೆ ಕೈಕೊಟ್ಟು ಎತ್ತಿದೆ. ಇಬ್ಬರೂ ಗೋಡೆಗೊರಗಿ ಸುಧಾರಿಸಿಕೊಂಡೆವು. "ಉಸಿರು ಕೆಡುತ್ತೆ, ಮಾತಾಡಬೇಡ," ಎಂದು ಅವರು ನನಗೇ ಹೇಳಿದರು.

ಈಗ ಅವರ ನಮಸ್ಕಾರ ಮುಗಿದು, ಅವರನ್ನು ಎಬ್ಬಿಸಿ ಕೂರಿಸಿದ ಮೇಲೆಯೇ ನಾನು ಹೊರಡುವುದು. ಅಷ್ಟರಲ್ಲಿ ಬಿಸಿಲೇರಿರುತ್ತದೆ, ಗುಂಪಿನವರು ಓಡಿ ಮುಗಿಸಿ ಎಳನೀರು ಕುಡಿಯುತ್ತಿರುತ್ತಾರೆ. "ರೋಲರ್ ತಂದಿರಲ್ಲ ಮೇಡಂ, ವೇಗ ಹೆಚ್ಚಿತಾ?" ಎಂದು ಕೇಳುತ್ತಾರೆ. ಇಲ್ಲಪ್ಪ, ಬಹಳ ಕಡಿಮೆಯಾಗಿದೆ ಎನ್ನುತ್ತೇನೆ. ಸುಳ್ಳಲ್ಲ. ಓಡುವಾಗ ಅತ್ತಿತ್ತ ನೋಡಬಾರದೆಂದು ಇಡೀ ಶಾಲೆಗೆ ಸೀಟಿ ಊದಿದವಳು ಈಗ ಒಂದೊಂದು ಗೇಟಿನ ಮುಂದೂ ನಿಲ್ಲುತ್ತೇನೆ. ಯಾವ ಮನೆಗೆ ಬಣ್ಣ ಬಂದಿದೆ, ಯಾವ ನಾಯಿ ಮರಿ ಹಾಕಿದೆ, ಎಲ್ಲ ನೋಡಿಕೊಂಡು ಹೋಗಬೇಕಲ್ಲ. ಮನೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.