ಮಾವನ ಎಂಟೂಕಾಲರ ಬಸ್ಸು

ನನ್ನ ಸೋದರಮಾವನಿಗೆ ಸ್ವಂತ ಕಾರು ಉಂಟೆಂದರೆ ಊರಲ್ಲಿ ಯಾರೂ ನಂಬುವುದಿಲ್ಲ! ದುಬೈಯಲ್ಲಿರುವ ಮಗಳ ಗಂಡ ಪ್ರೀತಿಯಿಂದ ತೆಗೆಸಿಕೊಟ್ಟದ್ದು. ಅದರ ಬಾನೆಟ್ಟಿನ ಮೇಲೆ ಒಣಗಿದ ಹಲಸಿನ ಹಪ್ಪಳ ವಿಮಾನ ಹತ್ತಿ ದುಬೈ ಸೇರಿದೆ. ಕಾರು ಮಾತ್ರ ಗೇಟು ದಾಟಿದ್ದನ್ನು ಕಂಡವರಿಲ್ಲ.

ಮಾವನದ್ದು ಏನಿದ್ದರೂ ಕುಂಬ್ಡಾಜೆಯಿಂದ ಬದಿಯಡ್ಕಕ್ಕೆ ಹೋಗುವ ಎಂಟೂಕಾಲರ ಬಸ್ಸು. ಅಲ್ಲಿ ಕೆಲಸವೇನು? ಪೇಪರ್ ಓದುವುದು. ಆ ಪೇಪರ್ ಮನೆಗೂ ಬರುತ್ತದೆ! ಒಮ್ಮೆ ನನ್ನ ಬೈಕಿಗೆ ಕೊಡೆ ಅಡ್ಡ ಹಿಡಿದು ನಿಲ್ಲಿಸಿದರು.

"ಒಬ್ಬನಿಗೆ ಒಂದು ಬೈಕು, ಒಂದು ಹೊಗೆ! ಬಸ್ಸಲ್ಲಾದರೆ ನಲ್ವತ್ತು ಜನಕ್ಕೆ ಒಂದೇ ಹೊಗೆ."

"ಆ ಬಸ್ಸಿನ ಹೊಗೆಗೆ ಹಿಂದಿನವರಿಗೆ ದಾರಿಯೇ ಕಾಣುವುದಿಲ್ಲ ಮಾವ!"

"ಪಾಲು ಹಾಕಿ ನೋಡು ಮಾರಾಯ. ನಿನ್ನ ಪಾಲಿಗೆ ಒಂದು ಬೀಡಿಯಷ್ಟೂ ಬರ್ಲಿಕ್ಕಿಲ್ಲ."

ನನಗೆ ಹೆಣ್ಣು ನೋಡಲು ಪೆರ್ಲಕ್ಕೆ ಹೋದದ್ದೂ ಬಸ್ಸಿನಲ್ಲೇ. ಪಾಪ, ಹುಡುಗಿಯ ತಂದೆ ಪೇಟೆಗೆ ಜೀಪು ಕಳಿಸಿದ್ದರು. "ಹುಡುಗಿಯ ಮನೆ ಎದುರಿಗೇ ಬಸ್ಸು ಉಂಟಲ್ಲ, ಮತ್ತೆ ಎಂತಕ್ಕೆ?" ಎಂದು ಮಾವ ಹತ್ತಲಿಲ್ಲ, ನಮ್ಮನ್ನೂ ಹತ್ತಲು ಬಿಡಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಖಾಲಿ ಜೀಪು ಮುಂದೆ, ಬಸ್ಸಿನಲ್ಲಿ ನಾವು ಹಿಂದೆ! ಹೊಗೆ ಉಳಿಯಿತೋ ಹೆಚ್ಚಾಯಿತೋ, ಕೇಳುವ ಧೈರ್ಯ ಯಾರಿಗಿತ್ತು? ಆ ಮೆರವಣಿಗೆ ನೋಡಿ ನಗು ಬಂದದ್ದಕ್ಕೇ ಒಪ್ಪಿದೆನೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಇಂಥ ಮಾವ ಒಂದು ದಿನ ಮುಖ ಸಣ್ಣದು ಮಾಡಿ ಬಂದರು. ಎಂಟೂಕಾಲಕ್ಕೆ ಜನವೇ ಇಲ್ಲ, ಒಂದು ವಾರ ನೋಡಿ ಟ್ರಿಪ್ಪು ನಿಲ್ಲಿಸುವುದೆಂದು ಬಸ್ಸಿನ ಧಣಿ ಹೇಳಿದ್ದರಂತೆ. ಗುಡ್ಡದ ಮೇಲಿನ ಮನೆಯ ಇಬ್ಬರು ಹುಡುಗಿಯರು ಹೈಸ್ಕೂಲಿಗೆ ಹೋಗುವುದು ಅದರಲ್ಲೇ. ಮುಂದಿನ ಬಸ್ಸು ಹತ್ತೂವರೆಗೆ. "ಬಸ್ಸು ನಿಂತರೆ ಅವರ ಶಾಲೆಯೂ ನಿಂತ ಹಾಗೆ," ಎಂದರು ಮಾವ.

ಸೋಮವಾರದಿಂದ ಮನೆಮನೆಗೆ ಹೋಗಿ ಜನ ಹೊರಡಿಸಿದರು. ಒಬ್ಬರಿಗೆ ಕೂದಲು ಉದ್ದವಾಗಿದೆ ಎಂದರು, ಇನ್ನೊಬ್ಬರ ಬಾಯಿ ತೆರೆಸಿ ಹುಳುಕು ಹಲ್ಲು ಕಂಡುಹಿಡಿದರು! ನಾನು ಬೈಕಿಗೆ ರಜೆ ಕೊಟ್ಟೆ. ಕೊನೆಗೆ ಸ್ವಂತ ತಂಗಿಯನ್ನೂ, ಅಂದರೆ ನನ್ನ ಅಮ್ಮನನ್ನೂ ಬಿಡಲಿಲ್ಲ.

"ಬದಿಯಡ್ಕದಲ್ಲಿ ನನಗೆ ಎಂತ ಕೆಲಸ ಅಣ್ಣಾ?"

"ಬಸ್ಸಲ್ಲಿ ಕೂತುಕೊಳ್ಳುವ ಕೆಲಸ!"

ಬಸ್ಸು ತುಂಬಿತು. ಎಷ್ಟು ತುಂಬಿತೆಂದರೆ ಒಂದು ಸೀಟೂ ಉಳಿಯಲಿಲ್ಲ. ನಮ್ಮ ಕಡೆಯ ಬಸ್ಸುಗಳಲ್ಲಿ ಟಿಕೆಟಿನವರಿಗೆ ಸೀಟು, ಪಾಸಿನ ಮಕ್ಕಳಿಗೆ ಕಂಬಿ. ಇಷ್ಟು ದಿನ ಕಿಟಕಿ ಪಕ್ಕ ರಾಣಿಯರ ಹಾಗೆ ಕೂತು ಹೋಗುತ್ತಿದ್ದ ಆ ಇಬ್ಬರು ಹುಡುಗಿಯರು ಈಗ ಕಂಬಿ ಹಿಡಿದು ನೇತಾಡತೊಡಗಿದರು!

"ಯಾರಿಗಾಗಿ ಬಸ್ಸು ಉಳಿಸಿದಿರೋ ಅವರಿಗೇ ಸೀಟಿಲ್ಲವಲ್ಲ ಮಾವ!" ಎಂದು ನಾನು ಜೋರಾಗಿ ನಕ್ಕೆ. ಮಾವ ನಗಲಿಲ್ಲ. ಅವರು ಮುಂದಿನ ಸೀಟನ್ನೇ ನೋಡುತ್ತಿದ್ದರು.

ನಿಂತ ಮಕ್ಕಳ ಚೀಲವನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಇಬ್ಬರಲ್ಲಿ ಸಣ್ಣ ಹುಡುಗಿ ತನ್ನ ಚೀಲವನ್ನು ಆ ಸೀಟಿನಲ್ಲಿದ್ದ ನನ್ನ ಅಮ್ಮನ ಮಡಿಲಿಗೆ ಹಾಕಿದ್ದಳು. ಅಮ್ಮ ಅದನ್ನು ಎರಡೂ ಕೈಯಿಂದ ತಬ್ಬಿ ಕೂತಿದ್ದಳು.

"ಏಳನೇ ಕ್ಲಾಸಲ್ಲಿ ನಿನ್ನ ಅಮ್ಮನೇ ಫಸ್ಟು," ಮಾವ ಮೆಲ್ಲಗೆ ಹೇಳಿದರು. "ಹೈಸ್ಕೂಲಿಗೆ ಆಗ ಬಸ್ಸಿಲ್ಲ. ನಾನು ನಡೆದುಕೊಂಡು ಹೋಗ್ತಿದ್ದೆ. ಹೆಣ್ಣು ಹುಡುಗಿ ಅಷ್ಟು ದೂರ ನಡೆಯುವುದು ಬೇಡ ಅಂದರು ಮನೆಯವರು. ನಾನೂ ಹೂಂ ಅಂದುಬಿಟ್ಟೆ."

ಇಷ್ಟು ವರ್ಷ ನಾನು ಹೊಗೆಯ ಲೆಕ್ಕವನ್ನು ಮಾತ್ರ ಕೇಳಿದ್ದೆ.

ಆ ವಾರ ಟ್ರಿಪ್ಪು ಉಳಿಯಿತು, ಇಂದಿಗೂ ಉಂಟು. ಆದರೆ ಅವತ್ತು ಬದಿಯಡ್ಕದಲ್ಲಿ ಹುಡುಗಿ ಚೀಲಕ್ಕೆ ಕೈಚಾಚಿದಾಗ ಅಮ್ಮ ಕೊಡಲಿಲ್ಲ. "ನಾನು ತರ್ತೇನೆ ಮಗಾ," ಎಂದು ಹೆಗಲಿಗೆ ಹಾಕಿಕೊಂಡು ಇಳಿದಳು. ಮಾವ ಕೊಡೆ ಬಿಡಿಸಿ ಅವಳ ತಲೆಯ ಮೇಲೆ ಹಿಡಿದರು. ಅಣ್ಣ ತಂಗಿ ಇಬ್ಬರೂ ಹೈಸ್ಕೂಲಿನ ಗೇಟಿನವರೆಗೆ ನಡೆದುಕೊಂಡು ಹೋದರು.